ನರದ ಕೆಳದಂಡೆ

ಬಸ್ಸು ಓಡಿಸುವವರ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ಎಡಗನ್ನಡಿ, ಬಲಗನ್ನಡಿ, ಒಳಗನ್ನಡಿ, ಮತ್ತೆ ರಸ್ತೆ. ದೃಷ್ಟಿ ಪರೀಕ್ಷೆಯಲ್ಲಿ ಡ್ರೈವರ್ ಅತ್ತೆ ಮಾಡಿದ ಎಡವಟ್ಟೂ ಇದೇ. ನಡುವಿನ ಚುಕ್ಕಿಯನ್ನೇ ನೋಡುತ್ತ, ಅಂಚಿನಲ್ಲಿ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕಿತ್ತು. ಅತ್ತೆ ಒಂದೊಂದೇ ಬೆಳಕನ್ನು ಬೇಟೆಯಾಡಿ ಒತ್ತಿದ್ದಳು. ಫಲಿತಾಂಶ ಬಲು ಅಚ್ಚುಕಟ್ಟು.

ಪರೀಕ್ಷೆ ಮಾಡಿದ ಕಣ್ಣಿನ ಡಾಕ್ಟರು ಅತ್ತೆಯ ಅಣ್ಣನ ಮಗಳೇ. ಅವಳಿಗೆ ಆ ಅಚ್ಚುಕಟ್ಟು ಹಿಡಿಸಲಿಲ್ಲ. ನೋಟ ಅಲೆದಾಡಿದ್ದನ್ನು ಯಂತ್ರವೇ ಗುರುತು ಹಾಕಿತ್ತು. ಜೊತೆಗೆ, ಬೆಳಿಗ್ಗೆ ಅವಳು ಕೆಲಸಕ್ಕೆ ಬಂದದ್ದು ಅತ್ತೆಯ ಬಸ್ಸಿನಲ್ಲೇ. ಸಿಗ್ನಲ್ ಬಂದಾಗಲೆಲ್ಲ ಅತ್ತೆ ಕೋಳಿ ನೀರು ಕುಡಿದ ಹಾಗೆ ಗದ್ದ ಎತ್ತುತ್ತಿದ್ದಳು.

ಅತ್ತೆ ಬಂದದ್ದು ಸಹಿಗೆ. ಕಣ್ಣು ಸರಿಯಿದೆಯೆಂದು ಡಾಕ್ಟರು ಬರೆದುಕೊಟ್ಟರೆ ಇನ್ನೊಂದು ವರ್ಷ ಸ್ಟೀರಿಂಗು ಅವಳದು. ಇಲ್ಲವಾದರೆ ಡಿಪೋದ ಗೂಡಿನಲ್ಲಿ ಕೂತು ಟಿಕೆಟ್ ಹರಿಯಬೇಕು. ಅವಳ ಪಾಲಿಗೆ ಅದು ಜೈಲು.

"ಒಂದು ಚಿತ್ರ ತೆಗೀತೀನಿ ಅತ್ತೆ. ಕಣ್ಣಿಂದ ಮೆದುಳಿಗೆ ಹೋಗೋ ನರದ ಸುತ್ತ ರಕ್ತ ಹೇಗೆ ಹರೀತಿದೆ ಅಂತ ಗೊತ್ತಾಗತ್ತೆ. ಸೂಜಿಗೀಜಿ ಇಲ್ಲ."

"ನಿನಗೆ ಅಂಗಿ ಹಾಕಿ ಸ್ಕೂಲಿಗೆ ಕಳಿಸಿದೋಳು ನಾನು. ನನ್ನೇ ನಂಬಲ್ವಾ ಡಾಕ್ಟ್ರಮ್ಮ?"

"ನಿನ್ನ ನಂಬ್ತೀನಿ. ನಿನ್ನ ಕಣ್ಣು ಕಳ್ಳ."

ಮೊದಲ ಚಿತ್ರ ಹರಿದ ಬಟ್ಟೆಯಂತೆ ಬಂತು. ನೋಟ ಜಾರಿದಲ್ಲೆಲ್ಲ ಅಡ್ಡಗೆರೆ, ತುಂಡಾದ ರಕ್ತನಾಳ. ಬಲಗಣ್ಣಿನ ನರದ ಕೆಳಗೆ ಕಪ್ಪಗೆ ಏನೋ ಇತ್ತು. ಆದರೆ ಇಂಥ ಚಿತ್ರ ನಂಬಿ ಯಾರ ಹೊಟ್ಟೆಯ ಮೇಲೂ ಹೊಡೆಯಬಾರದು. ಅವಳು ಅದನ್ನು ಅಳಿಸಿ, ಅತ್ತೆಯ ಕಿವಿಯ ಬಳಿ ಬಗ್ಗಿದಳು. ಮುಂದೆ ರೈಲ್ವೆ ಗೇಟು ಹಾಕಿದೆ, ಎಂಜಿನ್ ಆಫ್ ಮಾಡು, ಗೇಟು ಬಿಟ್ಟು ಬೇರೆ ನೋಡೋಕೆ ಏನೂ ಇಲ್ಲ ಎಂದಳು. ಅತ್ತೆಯ ಭುಜಗಳು ಇಳಿದವು. ಕಣ್ಣು ನಿಂತಿತು.

ಈ ಸಲ ನರದ ಸುತ್ತ ಕೂದಲೆಳೆಯಂಥ ನಾಳಗಳು ಒತ್ತೊತ್ತಾಗಿ ಕಂಡವು. ಕೆಳದಂಡೆಯಲ್ಲಿ ಮಾತ್ರ ಬೀಸಣಿಗೆಯಾಕಾರದ ಜಾಗ ಬರಿದಾಗಿತ್ತು. ಮತ್ತೊಮ್ಮೆ ತೆಗೆದಳು. ಅದೇ ಜಾಗ, ಅದೇ ಬರಿದು. ಕಣ್ಣಿನ ಕೆಳಭಾಗ ನೋಡುವುದು ಮೇಲಿನದನ್ನು. ಅತ್ತೆ ಗದ್ದ ಎತ್ತುತ್ತಿದ್ದದ್ದು ಅದಕ್ಕೇ.

ಅವಳು ಪರದೆಯನ್ನು ಅತ್ತೆಯ ಕಡೆ ತಿರುಗಿಸಿ ಎಲ್ಲ ಹೇಳಿದಳು: ಇದು ಗ್ಲಾಕೋಮಾ, ಹೋದ ನೋಟ ಬರುವುದಿಲ್ಲ, ದಿನಾ ಹನಿ ಹಾಕಿ ಕಣ್ಣಿನ ಒತ್ತಡ ಇಳಿಸಿದರೆ ಉಳಿದದ್ದನ್ನು ಕಾಪಾಡಬಹುದು.

ಅತ್ತೆ ಆ ಬರಿದನ್ನು ಬೆರಳಿನಿಂದ ಸುತ್ತಿದಳು. "ಎಡಗಣ್ಣು?"

"ಚೆನ್ನಾಗಿದೆ."

"ಹಾಗಾದ್ರೆ ಸಹಿ ಹಾಕು."

"ಇವತ್ತು ಹಾಕಲ್ಲ. ಮೊದಲು ಒತ್ತಡ ಇಳೀಲಿ. ಆಮೇಲೆ ಕಳ್ಳಾಟ ಆಡದೆ ಗುಂಡಿ ಒತ್ತು. ಬಸ್ಸಿಗೆ ಬೇಕಾದಷ್ಟು ಕಂಡ್ರೆ ನಾನೇ ಹಾಕ್ತೀನಿ. ಕಾಣದಿದ್ರೆ, ನೀನು ಮಾತು ಬಿಟ್ರೂ ಹಾಕಲ್ಲ."

"ನಿಮ್ಮಪ್ಪನೇ ವಾಸಿ. ಅವನಿಗಿಂತ ಹಟಮಾರಿ ನೀನು," ಎಂದಳು ಅತ್ತೆ. ಮುಖ ಗಂಟಿಕ್ಕಿದ್ದಳು. ಆದರೆ ಫೋನು ತೆಗೆದು ಡಿಪೋಗೆ ಹಚ್ಚಿದವಳೂ ಅವಳೇ. ಇಡೀ ಆಸ್ಪತ್ರೆಗೆ ಕೇಳುವಂತೆ ಹೇಳಿದಳು: ಮಧ್ಯಾಹ್ನದಿಂದ ಬೇರೆಯವರನ್ನು ಹಾಕಿ, ನನ್ನ ಬಲಗಣ್ಣು ರಿಪೇರಿಯಲ್ಲಿದೆ, ಬರುವವನಿಗೆ ಬ್ರೇಕನ್ನು ಒದೆಯಬೇಡ ಅನ್ನಿ, ಮೆಲ್ಲಗೆ ಒತ್ತಿದರೆ ಸಾಕು.

ಆಮೇಲೆ ಕೈ ಚಾಚಿದಳು. "ಎಲ್ಲಿ, ಆ ಹನಿ ಕೊಡು. ನಾನೇ ಹಾಕ್ಕೋತೀನಿ."

ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು. ಎರಡನೆಯದು ಗುರಿ ತಪ್ಪಲಿಲ್ಲ.