ಬಿಸಿಲು ಮಗ್ಗುಲ ಹಿಮ

ಬೆಂದ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು, ಮೂತಿ ಅತಿಥಿಯ ಕಡೆಗೆ ಬರುವಂತೆ ಜೂರಾ ತಿರುಗಿಸಿದಳು. ಇಂಜಿನಿಯರ್ ಎಲ್ದಿಯಾರ್‌ಗೆ ಈ ಮನೆಯಲ್ಲಿ ಇದು ಮೂರನೇ ತಲೆ; ಮುಖ್ಯ ಅತಿಥಿಗೆ ಸಲ್ಲುವ ಮರ್ಯಾದೆ. ಮೊದಲ ಸಲ ಚಾಕು ಎಲ್ಲಿ ಹಾಕಬೇಕೆಂದು ತಿಳಿಯದೆ ಬೆವೆತಿದ್ದವನು ಈಗ ಒಂದೇ ಏಟಿಗೆ ಕೆನ್ನೆಯ ಮಾಂಸ ಬಿಡಿಸಿ ಪಕ್ಕದವರಿಗೆ ಹಂಚಿದ.

"ನಾಳೆ ಸಭೆ, ನಾಡಿದ್ದು ರುಜು," ಎಂದ ಮಾಂಬೆತಾಲಿ. ಪಟ್ಟಣದ ಮುಖ್ಯಸ್ಥ, ಜೂರಾಳ ಮೈದುನ. "ಬರೋ ಚಳಿಗಾಲಕ್ಕೆ ಬಿಸಿಲು ಮಗ್ಗುಲಲ್ಲಿ ಜನರನ್ನ ಗುಡ್ಡಕ್ಕೆ ಎಳೆಯೋ ಲಿಫ್ಟು ಓಡುತ್ತೆ. ಬಿಶ್ಕೆಕ್‌ನೋರು ಸ್ಕೀ ಹೊತ್ಕೊಂಡು ಸಾಲುಗಟ್ಟಿ ಬರ್ತಾರೆ."

"ನನ್ನ ಕುದುರೆ ಸಾಲುಗಟ್ಟಿ ಎಲ್ಲಿಗೆ ಹೋಗ್ಬೇಕು?"

"ಅತ್ತಿಗೇ, ಮತ್ತೆ ಶುರು ಮಾಡ್ಬೇಡಿ. ಅತಿಥಿ ಊಟಕ್ಕೆ ಕೂತಿದ್ದಾರೆ."

ಈ ಚಳಿಗಾಲ ಪೂರ್ತಿ ಇದೇ ಜಗಳ. ಮನೆಯಲ್ಲಿ ಬಾಡಿಗೆಗೆ ಕೊಡಲು ಎರಡು ಖಾಲಿ ಕೋಣೆ ಇದ್ದವರು ಲಿಫ್ಟು ಬೇಕೆಂದರು, ಕುದುರೆ ಇದ್ದವರು ಬೇಡವೆಂದರು. ರೊಟ್ಟಿಯಂಗಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಜೂರಾಳಿಗೆ ಹನ್ನೊಂದು ಕುದುರೆ. ದಿಬ್ಬದ ಆಚೆಯ ಬಿಸಿಲು ಮಗ್ಗುಲಲ್ಲೇ ಅವು ಚಳಿಗಾಲದಲ್ಲಿ ಏಪ್ರಿಲ್‌ವರೆಗೆ ಮೇಯುತ್ತಿದ್ದವು. ಅಲ್ಲಿ ಬೇಲಿ ಬಿದ್ದರೆ ಬರುವ ಶರತ್ಕಾಲದಲ್ಲಿ ಅರ್ಧಕ್ಕರ್ಧ ಕಸಾಯಿಗೆ ಹೋಗಬೇಕು. ಸಭೆಯಲ್ಲಿ ಮತ ತನ್ನ ಕಡೆಗೇ ಬೀಳುತ್ತದೆಂದು ಅವಳು ನಂಬಿದ್ದಳು. ಆದರೆ ಇವತ್ತು ಊರಿನ ಹಿರಿಯ ಜಪಾರ್ ಅಜ್ಜ ಇಂಜಿನಿಯರ್‌ನ ಬಲಗಡೆ ಕೂತು ಗಡ್ಡ ಸವರಿಕೊಂಡು ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ಅಜ್ಜ ತಲೆಯಾಡಿಸಿದರೆ ಮೂವತ್ತು ಮನೆ ತಲೆಯಾಡಿಸಿದಂತೆ.

ಅಡುಗೆಮನೆಯಲ್ಲಿ ಸೊಸೆ ಅಕಿಲಾಯ್ ಬಟ್ಟಲುಗಳಿಗೆ ಸಾರು ಬಡಿಸುತ್ತಿದ್ದಳು. ಕಳೆದ ವಸಂತದಲ್ಲಿ ತಲಾಸ್‌ನಿಂದ ಮದುವೆಯಾಗಿ ಬಂದವಳು. ಶಾಲೆಯಲ್ಲಿ ಮಕ್ಕಳಿಗೆ ಸ್ಕೀ ಕಲಿಸುತ್ತಾಳೆ.

"ಅತ್ತೆ, ಬೈಬೇಡಿ. ನಾಳೆ ನಾನು ಲಿಫ್ಟಿಗೇ ಕೈ ಎತ್ತೋದು," ಎಂದಳು. "ಶಾಲೆ ಹಿಂದೆ ಮಕ್ಕಳು ಒಂದು ಸಲ ಜಾರೋಕೆ ಅರ್ಧ ಗಂಟೆ ಹತ್ತಬೇಕು. ಮೂರನೇ ಸಲಕ್ಕೆ ಅಳ್ತಾವೆ."

"ಎತ್ತು. ಹುಲ್ಲಿನ ಮೇಲೆ ಜಾರಿಸು."

"ಯಾವ ಹುಲ್ಲು?"

ಜೂರಾ ಸೌಟು ಕಿತ್ತುಕೊಂಡಳು. "ಕುದುರೆ ಅಲ್ಲಿ ಯಾಕೆ ಮೇಯುತ್ತೆ ಅಂತ ತಿಳ್ಕೊಂಡಿದ್ದೀಯ?"

"ಗೊರಸಲ್ಲಿ ಹಿಮ ಕೆದರಿ ತಿನ್ನುತ್ತೆ ಅಂತ."

"ಕೆದರೋಕೆ ಅಲ್ಲೇನಿದೆ? ಬಿದ್ದ ಮೂರನೇ ದಿನಕ್ಕೆ ಗಾಳಿ ಎಲ್ಲಾ ಗುಡಿಸಿಬಿಡುತ್ತೆ. ಉಳಿದಿದ್ದು ಬಿಸಿಲಿಗೆ."

ಅಕಿಲಾಯ್‌ಳ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು. "ಇದು ಮಾಂಬೆತಾಲಿ ಮಾವನಿಗೆ ಗೊತ್ತಾ? ಜಪಾರ್ ಅಜ್ಜನಿಗೆ?"

"ಊರಿಗೇ ಗೊತ್ತು."

"ಮತ್ತೆ ಯಾರೂ ಯಾಕೆ ಹೇಳ್ಲಿಲ್ಲ?"

"ಮೊದಲನೇ ದಿನ ಇದೇ ಮನೇಲಿ ಕೂತು ಆ ಮನುಷ್ಯ 'ಆಹಾ, ಎಂಥಾ ಇಳಿಜಾರು' ಅಂದ. ಕೈಯಲ್ಲಿ ಕುರಿ ತಲೆ. ಅತಿಥಿಗೆ ಊಟದ ಹೊತ್ತಲ್ಲಿ ಅಲ್ಲ ಅನ್ನೋರು ಯಾರು? ಒಳ್ಳೇದು ಅಂದ್ರು. ಒಳ್ಳೇದು ಅಂದಿದ್ದು ಕಾಗದಕ್ಕೆ ಹೋಯ್ತು. ಕಾಗದಕ್ಕೆ ಹೋದ್ಮೇಲೆ ಬಾಯಿ ಬಿಡೋಕೆ ನಾಚಿಕೆ."

"ನೀವು? ನಿಮಗೆಂಥಾ ನಾಚಿಕೆ ಅತ್ತೆ? ಚಳಿಗಾಲ ಪೂರ್ತಿ ಜಗಳ ಆಡಿದ್ರಿ, ಇದೊಂದು ಬಿಟ್ಟು."

ಜೂರಾ ಸೌಟನ್ನು ಪಾತ್ರೆಗೆ ಬಿಟ್ಟಳು. ಹಿಮ ನಿಲ್ಲುವುದು ಎದುರಿನ ನೆರಳು ಮಗ್ಗುಲಲ್ಲಿ. ಅದರ ಬುಡದಲ್ಲಿರುವುದು ಚಳಿಗಾಲಕ್ಕೆ ಅವಳು ಹುಲ್ಲು ಕೊಯ್ದಿಡುವ ಹುಲ್ಲುಗಾವಲು. ಬಾಯಿ ಬಿಟ್ಟರೆ ಎಲ್ಲರ ಬೆರಳೂ ಅಲ್ಲಿಗೇ ತಿರುಗುತ್ತದೆ. ಆದರೆ ಕೊಯ್ದ ಹುಲ್ಲೊಂದರಲ್ಲೇ ಹನ್ನೊಂದು ಕುದುರೆ ಚಳಿಗಾಲ ಕಳೆಯಲಾರವು. ಬಿಸಿಲು ಮಗ್ಗುಲು ಹೋದರೆ ಹುಲ್ಲುಗಾವಲಿದ್ದೂ ಉಪಯೋಗವಿಲ್ಲ.

ಅವಳು ಸಾರಿನ ಬಟ್ಟಲು ಹಿಡಿದು ಒಳಗೆ ಹೋಗಿ ಎಲ್ದಿಯಾರ್‌ನ ಮುಂದಿಟ್ಟಳು. ಇಟ್ಟವಳು ಏಳಲಿಲ್ಲ.

"ತಮ್ಮಾ, ಆ ಗುಡ್ಡದಲ್ಲಿ ಹಿಮ ಅಳೆದಿದ್ದು ಯಾವಾಗ?"

"ಜನವರಿಯಲ್ಲಮ್ಮ. ಸೊಂಟದವರೆಗೆ ಇತ್ತು."

"ಹಿಂದಿನ ದಿನ ಬಿದ್ದಿದ್ದು. ಇವತ್ತು ಹೋಗಿ ಅಳೀರಿ. ಬೆರಳು ಸಾಕು, ಕೋಲು ಬೇಡ."

"ಅತ್ತಿಗೇ!" ಮಾಂಬೆತಾಲಿಯ ಮುಖ ಕೆಂಪಾಯಿತು.

ಎಲ್ದಿಯಾರ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡುತ್ತಿದ್ದರು. ಕೊನೆಗೆ ಜಪಾರ್ ಅಜ್ಜ ಕೆಮ್ಮಿದ.

"ನಮ್ಮಪ್ಪನ ಕುದುರೇನೂ ಅಲ್ಲೇ ಚಳಿಗಾಲ ಕಳೀತಿತ್ತು," ಎಂದ. "ಗಾಳಿ, ಮಗನೇ, ಗಾಳಿ. ಅಲ್ಲಿ ಟೋಪಿ ಕೂಡ ನಿಲ್ಲಲ್ಲ."

"ಮೂರು ತಲೆ ತಿನ್ಸಿದ್ರಿ!" ಎಲ್ದಿಯಾರ್ ಚಾಕು ಕೆಳಗಿಟ್ಟ. "ಮೂರು! ಒಬ್ರಾದ್ರೂ ಹೇಳ್ಬಾರ್ದಿತ್ತಾ?"

"ನೀನು ಕೇಳ್ಲಿಲ್ಲವಲ್ಲ," ಎಂದ ಅಜ್ಜ. "ಚೆನ್ನಾಗಿದೆ ಅಂದೆ. ಚೆನ್ನಾಗೇನೋ ಇದೆ."

ಬಾಗಿಲಲ್ಲಿ ನಿಂತಿದ್ದ ಅಕಿಲಾಯ್ ಕಿಸಕ್ಕನೆ ನಕ್ಕು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಎಲ್ದಿಯಾರ್ ನಗಲಿಲ್ಲ. ಹಾಗಾದರೆ ಹಿಮ ನಿಲ್ಲುವುದೆಲ್ಲಿ ಎಂದು ಕೇಳಿದ. ಈ ಸಲ ಎಲ್ಲರೂ ನೋಡಿದ್ದು ಜೂರಾಳನ್ನು.

"ನೆರಳು ಮಗ್ಗುಲಲ್ಲಿ," ಎಂದಳು ಅವಳು. "ಮೇ ತಿಂಗಳವರೆಗೂ ಇರುತ್ತೆ. ಬುಡದಲ್ಲಿ ನನ್ನ ಹುಲ್ಲುಗಾವಲು. ಕಲ್ಲಿರೋ ಕಡೆ ಕೊಡ್ತೀನಿ. ತೊರೆ ಕಡೆ ಒಳ್ಳೇ ಹುಲ್ಲು, ಅದು ಕೊಡಲ್ಲ. ಬಿಸಿಲು ಮಗ್ಗುಲಿಗೆ ಒಂದು ಬೇಲಿಗೂಟ ಬೀಳ್ಬಾರ್ದು, ಅದನ್ನ ಕಾಗದದಲ್ಲಿ ಬರೀರಿ."

"ಕಲ್ಲಿನ ಕಡೆ ಸಾಕಾಗಲ್ಲ ಅತ್ತಿಗೆ," ಮಾಂಬೆತಾಲಿಯ ದನಿ ಇಳಿದಿತ್ತು. "ಗಾಡಿ ನಿಲ್ಲಿಸ್ಬೇಕು, ಟಿಕೆಟ್ ಮನೆ ಕಟ್ಟಬೇಕು."

"ಸಾಕಾಗುತ್ತೋ ಇಲ್ವೋ ಬಂದು ನೋಡು. ಕಾಗದ ನೋಡಿ ಹೇಳ್ಬೇಡ."

"ನಾಳೆ ಸಭೇಲಿ ಜನ ನನ್ನ ಹರಿದು ತಿಂತಾರೆ."

"ತಿನ್ನಲಿ. ನಿನ್ನ ಮೈಯಲ್ಲಿ ಕೊಬ್ಬಿದೆ."

ಊಟ ಮುಗಿಸಿ ಎಲ್ಲರೂ ಕುದುರೆ ಹತ್ತಿದರು. ಎಲ್ದಿಯಾರ್‌ಗೆ ಮುದಿ ಹೆಣ್ಣುಕುದುರೆ ಕೊಟ್ಟರು. ಅವನು ಲಗಾಮು ಬಿಟ್ಟು ಅದರ ಕತ್ತಿನ ಕೂದಲು ಹಿಡಿದುಕೊಂಡ. ನೆರಳು ಮಗ್ಗುಲ ಬುಡದಲ್ಲಿ ಹಿಮ ಕುದುರೆಯ ಎದೆಗೆ ಬಂತು. ಅವನು ಇಳಿದು ಅಳತೆಕೋಲು ಚುಚ್ಚಿದ. ಕೋಲು ಇಳಿಯುತ್ತಲೇ ಹೋಗಿ, ತುದಿ ಹಿಡಿದ ಅವನ ಕೈಗವಸು ಹಿಮಕ್ಕೆ ತಾಗಿತು. ಅವನು ಸುಮ್ಮನೆ ಮೇಲಕ್ಕೆ, ಇಳಿಜಾರಿನ ಕೊನೆಯವರೆಗೂ ನೋಡಿದ.

ಹಿಮದ ಕೆಳಗೆ ಹುಲ್ಲುಗಾವಲಿನ ಅಂಚು ಎಲ್ಲಿದೆಯೆಂದು ಜೂರಾಳಿಗೆ ಮಾತ್ರ ಗೊತ್ತಿತ್ತು. ಅವಳು ಸೊಂಟದವರೆಗೆ ಹೂತುಕೊಂಡು ಕಲ್ಲಿನ ಕಡೆಯಿಂದ ನಡೆಯತೊಡಗಿದಳು. ಅಕಿಲಾಯ್ ಒಂದು ಹೊರೆ ಬೆತ್ತದಂಥ ಕಡ್ಡಿ ಕಂಕುಳಲ್ಲಿ ಹಿಡಿದು, ಅತ್ತೆಯ ಹೆಜ್ಜೆಗುಂಡಿಗಳಲ್ಲೇ ಕಾಲಿಡುತ್ತ, ಅವಳು ತೋರಿಸಿದಲ್ಲೆಲ್ಲ ಲಿಫ್ಟಿಗೆ ಕೊಡುವ ಜಾಗದ ಗುರುತಿಗೆ ಒಂದೊಂದು ನೆಡುತ್ತ ಬಂದಳು.

ಕಲ್ಲಿನ ನೆಲ ಮುಗಿಯುವಲ್ಲಿ ಜೂರಾ ನಿಂತಳು. ತೊರೆಯ ಕಡೆ ನೋಡಿದಳು.

"ಇಲ್ಲೇ ನೆಡ್ಲಾ ಅತ್ತೆ?"

"ತಡಿ," ಎಂದಳು ಜೂರಾ. ಇನ್ನೂ ನಾಲ್ಕು ಹೆಜ್ಜೆ ತೊರೆಯತ್ತ ಹೋಗಿ, ಹಿಮವನ್ನು ಕಾಲಿಂದ ತುಳಿದು ಗಟ್ಟಿ ಮಾಡಿ, ಪಕ್ಕಕ್ಕೆ ಸರಿದು ನಿಂತಳು.