ಅದೇ ಪ್ರಶ್ನೆ, ಎರಡನೇ ಸಲ

"ಹೋದ ಸಲ ನಾನೇನಂದಿದ್ದೆ ಮೇಡಂ?" ಎಂದು ಚಾಮುಂಡೇಶ್ವರಿ ಕೇಳಿದಳು.

ನಯನಾ ಅದನ್ನು ಹೇಳುವಂತಿರಲಿಲ್ಲ. ಮೂರು ತಿಂಗಳ ಹಿಂದೆ ಕುಂಬಾರಕೊಪ್ಪಲಿನ ಈ ಮನೆಗೆ ಬಂದು ಕೇಳಿದ್ದ ಪ್ರಶ್ನೆಗಳನ್ನೇ ಇಂದು ಮತ್ತೆ ಕೇಳಬೇಕಿತ್ತು. ಹೃದಯದಲ್ಲಿ ತೂತಿರುವ ಮಕ್ಕಳ ತಾಯಂದಿರು ಬಸಿರಿನ ದಿನಗಳನ್ನು ಎಷ್ಟು ಸರಿಯಾಗಿ ನೆನಪಿಟ್ಟಿದ್ದಾರೆ, ಎಲ್ಲಿ ತಪ್ಪುತ್ತಾರೆ ಎಂದು ಅಳೆಯುವುದು ಅಧ್ಯಯನ ತಂಡದಲ್ಲಿ ಅವಳ ಕೆಲಸ. ಮೊದಲ ಉತ್ತರವನ್ನು ಜ್ಞಾಪಿಸಿದರೆ ಅಳತೆಯೇ ಕೆಟ್ಟಂತೆ. ನೂರಾರು ತಾಯಂದಿರ ಮರೆವನ್ನು ಒಟ್ಟಿಗೆ ಸರಿಪಡಿಸುವ ಲೆಕ್ಕದ ಸೂತ್ರ ಆಫೀಸಿನಲ್ಲಿದೆಯಂತೆ. ಒಬ್ಬಳ ಮರೆವಿಗೆ ಮಾತ್ರ ಅಂಥದ್ದೇನೂ ಇಲ್ಲ.

ಹೋದ ಸಲ, ಬಸುರಿಯಾಗಿದ್ದಾಗ ಸೊಳ್ಳೆಬತ್ತಿಯ ಹೊಗೆ ಕುಡಿದಿದ್ದಿರಾ ಎಂದಾಗ ಚಾಮುಂಡೇಶ್ವರಿ, ಹೂಂ, ದಿನಾ ಎಂದಿದ್ದಳು. ಅಡುಗೆಮನೆಯಲ್ಲಿ ಅದನ್ನು ಕೇಳಿಸಿಕೊಂಡ ಅತ್ತೆ ಪುಟ್ಟಲಿಂಗಮ್ಮ ಆವತ್ತೇ ಬತ್ತಿಯನ್ನು ಬೀದಿಗೆಸೆದು, ಮೊಮ್ಮಗನ ಕಾಯಿಲೆಗೆ ಕಾರಣ ಸಿಕ್ಕಿತೆಂದು ನೆಂಟರಿಗೆಲ್ಲ ಸಾರಿದ್ದರು. ಅಂದಿನಿಂದ ಗಂಡನೂ ಅವಳೊಡನೆ ಸರಿಯಾಗಿ ಮಾತಾಡಿರಲಿಲ್ಲ.

ಇಂದು ಅತ್ತೆ ಎದುರಿಗೇ ಕೂತಿದ್ದರು. ಮೂರು ವರ್ಷದ ಅಭಿನವ ಅವರ ತೊಡೆಯ ಮೇಲೆ ಏದುಸಿರು ಬಿಡುತ್ತಿದ್ದ.

"ಇಲ್ಲ," ಎಂದಳು ಚಾಮುಂಡೇಶ್ವರಿ. "ಬತ್ತಿ ಹಚ್ಚೇ ಇರ್ಲಿಲ್ಲ."

ಆವತ್ತು ಹೂಂ ಅಂದವಳು ಇವತ್ತು ಇಲ್ಲ ಅಂತಾಳಲ್ಲ ಎಂದು ಪುಟ್ಟಲಿಂಗಮ್ಮ ರೇಗಿದರು. ಬತ್ತಿಯಿಂದಲೇ ಹೀಗಾಯಿತೆಂದು ಯಾರೂ ಹೇಳಿಲ್ಲ, ತಿಳಿಯಲೆಂದೇ ಕೇಳುತ್ತಿದ್ದೇವೆ ಎಂದು ನಯನಾ ವಿವರಿಸಿದಳು.

"ಏನೂ ಇಲ್ದೇ ಹೋದ್ರೆ ನೀವ್ ಯಾಕವ್ವ ಅದ್ನೇ ಎರಡೆರಡು ಸಲ ಕೇಳ್ತೀರಿ?" ಎಂದರು ಅತ್ತೆ.

ನಯನಾ ಟ್ಯಾಬಿನಲ್ಲಿ 'ಇಲ್ಲ' ಒತ್ತಿದಳು. ಇನ್ನು ಅದನ್ನು ತಿದ್ದುವಂತಿರಲಿಲ್ಲ.

ಚಾಮುಂಡೇಶ್ವರಿ ಬಾಗಿಲವರೆಗೂ ಬಂದಳು. "ಸುಳ್ಳು ಹೇಳ್ಬುಟ್ಟೆ ಮೇಡಂ," ಎಂದಳು ತಗ್ಗಿದ ದನಿಯಲ್ಲಿ. "ದಿನಾ ಹಚ್ತಿದ್ರು. ಬಸ್ರೀಗೆ ಸೊಳ್ಳೆ ಕಚ್ಚಬಾರ್ದು ಅಂತ ಅತ್ತೆನೇ ನನ್ನ ಕಾಲತ್ರ ತಂದಿಡೋರು. ಈಗ ಮರ್ತವ್ರೆ. ಜ್ಞಾಪಕ ಬಂದ್ರೆ ಅವ್ರು ತಡ್ಕೊಳಲ್ಲ."

ಹಚ್ಚುತ್ತಿದ್ದವರು ಯಾರು ಎಂಬ ಪ್ರಶ್ನೆ ಫಾರಂನಲ್ಲಿ ಇರಲೇ ಇಲ್ಲ. ನಯನಾ ಚಪ್ಪಲಿ ಮೆಟ್ಟುತ್ತಾ ಒಳಗೆ ನೋಡಿದಳು.

ಹೊತ್ತು ಮುಳುಗುತ್ತಿತ್ತು. ಸೊಳ್ಳೆಗಳು ಗುಂಯ್‌ಗುಡತೊಡಗಿದ್ದವು. ಪುಟ್ಟಲಿಂಗಮ್ಮ ಮೊಮ್ಮಗನನ್ನು ಚಾಪೆಯ ಮೇಲೆ ಮಲಗಿಸಿ ಎದ್ದರು. ಹಳೆಯ ರೂಢಿಯಂತೆ ಗೋಡೆಯ ಗೂಡಿಗೆ ಕೈ ಹಾಕಿದರು. ಅಲ್ಲಿ ಬತ್ತಿಯಿರಲಿಲ್ಲ, ಬೂದಿಯ ದುಂಡನೆಯ ಗುರುತಷ್ಟೇ ಉಳಿದಿತ್ತು. ಅವರ ಕೈ ಗೂಡಿನೊಳಗೇ ನಿಂತುಬಿಟ್ಟಿತು.