ಫ್ರಿಜ್ಜಿನ ಇಬ್ಬನಿ

ವೀಬ್ರೆನ್ ಕಾಫಿಗೂ ಕಾಯದೆ ನೇರ ಫ್ರೌಕೆಯ ಅಡುಗೆಮನೆಗೆ ನುಗ್ಗಿ, ಫ್ರಿಜ್ಜಿನ ಬಾಗಿಲು ತೆಗೆದು, ಬಗ್ಗಿ ಒಳಗೆ ನೋಡತೊಡಗಿದ. ಹಾಲಿನ ಡಬ್ಬ ಸರಿಸಿದ. ಲವಂಗ ಹಾಕಿದ ಚೀಸಿನ ಕಾಗದ ಬಿಚ್ಚಿ ನೋಡಿ ಮತ್ತೆ ಸುತ್ತಿಟ್ಟ. ಬೆಣ್ಣೆ ಡಬ್ಬಿಯ ಮುಚ್ಚಳವನ್ನೂ ಬಿಡಲಿಲ್ಲ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.

"ಕೆಳಗಿನ ಡ್ರಾಯರ್ ನೋಡೋ," ಎಂದ ಯೆಲ್ಟೆ, ಮಲಗಿದ್ದ ಬಟ್ಟೆಯಲ್ಲೇ ಮೇಜಿನ ಮುಂದೆ ಕೂತು. "ಕ್ಯಾರೆಟ್ ಅಡೀಲಿ ಏನಾದ್ರೂ ಉಸಿರಾಡ್ತಾ ಇರ್ಬಹುದು."

"ನಾನು ತಮಾಷೆಗೆ ಬಂದಿಲ್ಲ."

"ಗೊತ್ತು ಮಾರಾಯ. ಶಾಲೆಗೆ ಒಟ್ಟಿಗೆ ಹೋಗಿದ್ದೀವಿ. ಆಗ್ಲೂ ನೀನು ತಮಾಷೆಗೆ ಬರ್ತಿರ್ಲಿಲ್ಲ."

ಫ್ರೌಕೆ ಗಂಡ ಯೆಲ್ಟೆಯ ಮಾತಿಗೆ ನಗಲಿಲ್ಲ. ತನ್ನ ಮನೆ, ತನ್ನ ಅಡುಗೆಮನೆ, ತಾನೇ ಒರೆಸಿಟ್ಟ ಫ್ರಿಜ್ಜು. ಅದರೊಳಗೆ ಬೇರೊಬ್ಬ ಕೈ ಹಾಕಿ ಕಳ್ಳಮಾಲು ಹುಡುಕುತ್ತಿದ್ದಾನೆ. ಅವಮಾನದಿಂದ ಅವಳ ಕಿವಿ ಸುಡುತ್ತಿತ್ತು. ಏನೂ ಮಾಡದವಳು ಹೀಗೆ ನಾಚಿಕೊಳ್ಳಬೇಕಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಇಷ್ಟಕ್ಕೆಲ್ಲ ಕಾರಣ ಅವಳು ತೆಗೆದ ಒಂದು ಫೋಟೊ. ಆಗತಾನೆ ಪೊರೆ ಬಿಟ್ಟು ಬಂದ ಏರೋಪ್ಲೇನ್ ಚಿಟ್ಟೆ ಜೊಂಡಿನ ಕಡ್ಡಿಗೆ ಜೋತುಬಿದ್ದಿದೆ. ರೆಕ್ಕೆಯ ತುಂಬ ಇಬ್ಬನಿ, ಒಂದೊಂದು ಹನಿಯೂ ಬಿಡಿಬಿಡಿ. ಫ್ರೀಸ್‌ಲಾಂಡಿನ ಆ ಮೂಲೆಯಲ್ಲಿ ಹುಳುಗಳ ಫೋಟೊ ತೆಗೆಯುವವರದ್ದೇ ಒಂದು ಸಂಘ. ಅದರ ಕಟ್ಟಳೆ ಮೂರೇ ಮಾತು: ಹುಳ ಮುಟ್ಟಬಾರದು, ಊದಬಾರದು, ಅಡ್ಡ ಬಂದ ಹುಲ್ಲು ಕೀಳಬಾರದು. ಇವೆಲ್ಲಕ್ಕಿಂತ ದೊಡ್ಡ ಪಾಪ ಫ್ರಿಜ್ಜು. ಹುಳವನ್ನು ಡಬ್ಬಿಗೆ ಹಾಕಿ ತಣ್ಣಗೆ ಮಾಡಿದರೆ ಅದು ಮರಗಟ್ಟಿ ಅಲುಗಾಡದೆ ಕೂರುತ್ತದೆ. ಹೊರಗೆ ತೆಗೆದದ್ದೇ ಮೈಮೇಲೆ ಹನಿ ಕಟ್ಟುತ್ತದೆ, ಥೇಟ್ ಇಬ್ಬನಿಯಂತೆ. ಅರ್ಧಕ್ಕರ್ಧ ಹುಳ ಆಮೇಲೆ ಬದುಕುವುದಿಲ್ಲ.

"ಇಷ್ಟು ಚೆಂದದ ಇಬ್ಬನಿ ಫ್ರಿಜ್ಜಲ್ಲಿ ಮಾತ್ರ ಬೀಳೋದು," ಎಂದು ಸಂಘದ ಕಾರ್ಯದರ್ಶಿ ಮಿಂಕೆ ಯಾರ ಹತ್ತಿರವೋ ಅಂದಳಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಯಾವ ಊರಲ್ಲಿಲ್ಲ? ಮಾತು ವೀಬ್ರೆನ್ ಕಿವಿಗೆ ಬಿತ್ತು. ಅವನು ಸಂಘದ ಅಧ್ಯಕ್ಷ. ದೋಣಿಗಳಿಗೆ ದಾರಿ ಬಿಡಲು ಕಾಲುವೆಯ ಸೇತುವೆ ಎತ್ತುವ ಕೆಲಸ ಮಾಡಿ ನಿವೃತ್ತನಾದವನು. ಹೊತ್ತಿಗೆ ಮೊದಲು ಮದುಮಗಳ ದೋಣಿ ಬಂದರೂ ಸೇತುವೆ ಎತ್ತದ ಆಸಾಮಿ. ಅವನ ತೀರ್ಪು ಇಷ್ಟು: ಫ್ರೌಕೆ ಅವನ ಕಣ್ಣೆದುರು, ಕಟ್ಟಳೆ ಮುರಿಯದೆ, ಅಂಥ ಒಂದು ಫೋಟೊ ತೆಗೆದು ತೋರಿಸಬೇಕು. ಇಲ್ಲವಾದರೆ ಶನಿವಾರದ ಪ್ರದರ್ಶನದಲ್ಲಿ ಅವಳ ಫೋಟೊ ಇಲ್ಲ. ಸಂಘದಲ್ಲಿ ಅವಳೂ ಇಲ್ಲ.

ಬೇರೆಯವರಾಗಿದ್ದರೆ ನಿಮ್ಮ ಸಂಘ ನೀವೇ ಇಟ್ಟುಕೊಳ್ಳಿ ಎಂದು ಎದ್ದು ಬರುತ್ತಿದ್ದರೋ ಏನೋ. ಫ್ರೌಕೆಗೆ ಆಗಲಿಲ್ಲ. ಹಸುಗಳನ್ನು ಮಾರಿದ ವರ್ಷ ಅವಳಿಗೆ ಬೆಳಗಿನ ಜಾವ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಯೆಲ್ಟೆ ಗೊರಕೆ ಹೊಡೆಯುತ್ತಿದ್ದ. ಅವಳು ಹಾಸಿಗೆಯ ಅಂಚಿನಲ್ಲಿ ಕೂತು, ಖಾಲಿ ಕೊಟ್ಟಿಗೆ ಕಡೆ ಕಿವಿಯಿಟ್ಟು, ಅಳುತ್ತಿದ್ದಳು. ಮಗಳು ಬಿಟ್ಟುಹೋಗಿದ್ದ ಹಳೇ ಕ್ಯಾಮೆರಾ ಹಿಡಿದು ಹಿತ್ತಿಲಾಚೆಯ ಜೌಗಿಗೆ ಹೋದ ಮೇಲೆ ಅಳು ನಿಂತಿತು. ನೀರಿನಿಂದ ಹತ್ತಿ ಬಂದ ಕೊಳಕು ಹುಳದ ಬೆನ್ನು ಬಿರಿದು, ಒಳಗಿಂದ ಇನ್ನೊಂದು ಜೀವ ಬರುವುದನ್ನು ಕಂಡಾಗ, ಕರು ಹಾಕುವುದನ್ನು ನೋಡಿದಷ್ಟೇ ಸಂತೋಷವಾಗಿತ್ತು. ಈಗ ಕಳ್ಳಿ ಎನ್ನಿಸಿಕೊಂಡು ಅದೇ ನೀರಿಗೆ ಹೇಗೆ ಇಳಿಯುವುದು? ಆ ಬೆಳಗುಗಳು ಹೋದರೆ ತನಗೆ ಉಳಿಯುವುದೇನು ಎಂದು ಅವಳಿಗೆ ನಿಜವಾಗಿ ಭಯವಾಗಿತ್ತು.

ಫ್ರಿಜ್ಜಿನಲ್ಲಿ ಏನೂ ಸಿಗಲಿಲ್ಲ. ಫ್ರೌಕೆ, ವೀಬ್ರೆನ್ ಇಬ್ಬರೂ ಸೊಂಟದವರೆಗಿನ ರಬ್ಬರ್ ಬೂಟು ಹಾಕಿಕೊಂಡು ಜೌಗಿಗೆ ಇಳಿದಾಗ ಮಂಜು ನೀರಿನ ಮೇಲೇ ಕೂತಿತ್ತು. ಪುಣ್ಯಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ. ಒಂದು ಕಡ್ಡಿಯ ಮೇಲೆ ಹುಳ ಆಗಲೇ ಪೊರೆಯಿಂದ ಅರ್ಧ ಹೊರಬಂದು ತಲೆಕೆಳಗಾಗಿ ಜೋತಾಡುತ್ತಿತ್ತು. ಫ್ರೌಕೆ ತೊಡೆಮಟ್ಟ ನೀರಲ್ಲಿ ನಿಂತು ಕ್ಯಾಮೆರಾ ಹೊಂದಿಸಿಕೊಂಡಳು. ಹುಳ ಒಮ್ಮೆ ಮೈ ಮುರಿದು ಮೇಲೆದ್ದು, ತನ್ನದೇ ಪೊರೆಯನ್ನು ತಬ್ಬಿಕೊಂಡು, ಬಾಲ ಎಳೆದುಕೊಂಡಿತು. ರೆಕ್ಕೆಗಳು ಇನ್ನೂ ಒದ್ದೆ ಕಾಗದದ ಮುದ್ದೆ.

"ತೆಗಿ ಮತ್ತೆ," ಎಂದು ಪಿಸುಗುಟ್ಟಿದ ವೀಬ್ರೆನ್.

"ಸುಮ್ನಿರು. ರೆಕ್ಕೆ ಬಿಚ್ಲಿ, ಹನಿ ಕೂರ್ಲಿ."

ಸಾಕ್ಷಿ ನೋಡಲು ಬಂದವನು ಸುಮ್ಮನೆ ನೋಡಬೇಕಿತ್ತು. ಆದರೆ ಅವನ ಕೊರಳಲ್ಲೂ ಕ್ಯಾಮೆರಾ ಇತ್ತು, ಅಂಥ ಹುಳವೂ ಕಣ್ಣೆದುರಿಗಿತ್ತು. ಯಾರಿಗೆ ತಾನೇ ಆಸೆಯಾಗುವುದಿಲ್ಲ? ಒಂದು ಹುಲ್ಲೆಸಳು ಅಡ್ಡ ಬರುತ್ತಿತ್ತು. ಕೀಳುವ ಪೈಕಿ ಅಲ್ಲ ವೀಬ್ರೆನ್. ಕಣ್ಣು ಕ್ಯಾಮೆರಾದಿಂದ ತೆಗೆಯದೆ, ಒಂದು ಹೆಜ್ಜೆ ಪಕ್ಕಕ್ಕೆ, ಹಸಿರು ಅಂಚಿನ ಮೇಲಿಟ್ಟ.

ಆ ಹಸಿರು ನೆಲವಲ್ಲ. ಜೊಂಡಿನ ಬೇರುಗಳು ಹೆಣೆದುಕೊಂಡು ನೀರ ಮೇಲೆ ತೇಲುವ ಚಾಪೆ. ಇಲ್ಲಿ ತುಳಿದರೆ ಅಲ್ಲಿ ಅಲುಗುತ್ತದೆ. ಅಲ್ಲಿನ ಮಕ್ಕಳಿಗೂ ಗೊತ್ತಿರುವ ಮಾತು. ಹೊಸದಾಗಿ ಸೇರಿದವರಿಗೆ ವರ್ಷವರ್ಷವೂ ಅದನ್ನು ಹೇಳಿಕೊಡುತ್ತಿದ್ದವನು ಈ ವೀಬ್ರೆನ್ನೇ. ಚಾಪೆ ಕುಸಿಯಿತು, ಕಡ್ಡಿಗಳೆಲ್ಲ ಒಟ್ಟಿಗೆ ಬಾಗಿದವು, ಹುಳ ನೀರಿಗೆ ಬಿತ್ತು.

ಫ್ರೌಕೆ ಕ್ಯಾಮೆರಾ ಕೈಬಿಟ್ಟಳು; ಅದು ಕೊರಳಿಗೆ ಹಾಕಿದ್ದ ಪಟ್ಟಿಯಲ್ಲಿ ತೂಗಾಡಿ ಎದೆಗೆ ಬಡಿಯಿತು. ಬಲಗೈಯ ತೋರುಬೆರಳನ್ನು ನೀರಿಗೆ ಅದ್ದಿ ಹುಳದ ಕೆಳಗೆ ಹಿಡಿದಳು. ಎಳೆಯ ಕಾಲುಗಳು ಜಾರಿದವು, ಮತ್ತೆ ತಡಕಾಡಿದವು, ಕೊನೆಗೆ ಉಗುರಿನ ಅಂಚು ಸಿಕ್ಕಿತು. ಅವಳು ಮೆಲ್ಲಗೆ ಕೈ ಎತ್ತಿ ಬೆರಳು ಮೇಲ್ಮುಖ ಮಾಡಿದಳು. ಹುಳ ಎರಡನೇ ಗೆಣ್ಣಿನವರೆಗೆ ಹತ್ತಿ ಅಲ್ಲೇ ಜೋತುಬಿತ್ತು.

"ನೀನು ಮುಟ್ಟಿದೆ," ಎಂದ ವೀಬ್ರೆನ್. ಅಷ್ಟು ವರ್ಷದ ಅಭ್ಯಾಸ, ಬಾಯಿಗೆ ಮೊದಲು ಬಂದದ್ದು ಅದೇ.

"ಹೂಂ, ಮುಟ್ದೆ. ಮುಳುಗಿ ಸಾಯ್ಲಿ ಅಂತ ಬಿಡ್ಬೇಕಿತ್ತಾ?"

ಅವನು ಚಾಪೆಯ ಮೇಲಿಂದ ಕಾಲು ತೆಗೆಯಲೂ ಹೆದರಿ ಒಂಟಿಕಾಲಲ್ಲಿ ನಿಂತಂತೆ ನಿಂತಿದ್ದ.

"ಫ್ರೌಕೆ, ಒಂದು ಕೆಲ್ಸ ಮಾಡು. ಅದನ್ನ ಕಡ್ಡಿಗೆ ಹತ್ತಿಸ್ಬಿಡು. ಆಮೇಲೆ ನಿನ್ ಫೋಟೊ ತೆಗಿ. ಬಿದ್ದಿದ್ದು, ಮುಟ್ಟಿದ್ದು... ನಾನು ನೋಡ್ಲಿಲ್ಲ ಅಂದ್ಕೋ."

ವೀಬ್ರೆನ್ ಬಾಯಿಂದ ಇಂಥ ಮಾತು ಬರುತ್ತದೆ ಎಂದು ಊರಲ್ಲಿ ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ಫ್ರೌಕೆ ಅವನ ಮುಖ ನೋಡಿದಳು. ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಕಡ್ಡಿ ಒಂದು ಗೇಣು ದೂರದಲ್ಲಿತ್ತು. ಬೆರಳ ಮೇಲೆ ರೆಕ್ಕೆಯ ಮುದ್ದೆ ಆಗತಾನೆ ಮಡಿಕೆ ಬಿಡುತ್ತಿತ್ತು.

"ಈಗ ಕದಲಿಸಿದ್ರೆ ರೆಕ್ಕೆ ಸೊಟ್ಟಗಾಗುತ್ತೆ," ಎಂದಳು. "ಆಮೇಲೆ ಜನ್ಮಪೂರ್ತಿ ಹಾರಲ್ಲ."

"ಮತ್ತೆ ನಿನ್ ಫೋಟೊ?"

"ಇಲ್ಲ ಬಿಡು."

ಅವಳು ಇನ್ನೊಮ್ಮೆ ಕಡ್ಡಿಯ ಕಡೆ ನೋಡಿದಳು. ಆದರೂ ಕೈ ಅಲುಗಿಸಲಿಲ್ಲ. ಮಂಜು ಕರಗುತ್ತ ಬಂತು. ನೀರಿನ ಥಂಡಿ ಬೂಟಿನೊಳಗಿಂದ ಮೂಳೆಗೆ ಇಳಿಯಿತು. ಎತ್ತಿ ಹಿಡಿದ ತೋಳು ಮೊದಲು ನೋಯತೊಡಗಿ, ಆಮೇಲೆ ಸಣ್ಣಗೆ ನಡುಗತೊಡಗಿತು. ವೀಬ್ರೆನ್ ಬಹಳ ಎಚ್ಚರದಿಂದ, ನೀರನ್ನೇ ಬಳಸಿಕೊಂಡು ಅವಳ ಪಕ್ಕಕ್ಕೆ ಬಂದು, ಅವಳ ಮೊಣಕೈ ಕೆಳಗೆ ತನ್ನ ಎರಡೂ ಅಂಗೈ ಕೊಟ್ಟು ನಿಂತ.

"ನಿನ್ ಫೋಟೊ ನೋಡಿ ನಂಗೆ ಹೊಟ್ಟೆ ಉರೀತು," ಎಂದ, ಅವಳ ಮುಖ ನೋಡದೆ. "ಇಷ್ಟು ವರ್ಷ ನೀರಲ್ಲಿ ನಿಂತೆ. ಅಂಥದ್ದೊಂದು ನಂಗೆ ಸಿಕ್ಲಿಲ್ಲ. ಮಿಂಕೆ ಹೇಳಿದ್ದು ಕೇಳಿ ಸಮಾಧಾನ ಆಯ್ತು, ನೋಡು. ಅಂಥಾ ಮನುಷ್ಯ ನಾನು."

"ಗಟ್ಟಿಯಾಗಿ ಉಸಿರು ಬಿಡ್ಬೇಡ. ಅದಕ್ಕೆ ತಾಗುತ್ತೆ."

ಸೂರ್ಯ ಆಲ್ಡರ್ ಮರಗಳ ಮೇಲೆ ಬಂದ. ರೆಕ್ಕೆಗಳು ಮೊದಲು ಹಾಲಿನ ಬಣ್ಣಕ್ಕೆ, ಆಮೇಲೆ ಗಾಜಿನ ಬಣ್ಣಕ್ಕೆ ತಿರುಗಿ, ನಾಲ್ಕೂ ನೆಟ್ಟಗೆ ಬಿಚ್ಚಿಕೊಂಡವು. ಒಂದರಲ್ಲೂ ಸುಕ್ಕಿಲ್ಲ. ಮೈ ಕಾಯಿಸಿಕೊಳ್ಳಲು ಹುಳ ಗಡಗಡ ನಡುಗಿತು. ಆ ನಡುಕ ಬೆರಳಿನಿಂದ ಮೊಣಕೈಗೆ ಇಳಿದು ವೀಬ್ರೆನ್‌ಗೂ ತಿಳಿಯಿತು. ಇಬ್ಬರಲ್ಲಿ ಯಾರೂ ಕ್ಯಾಮೆರಾ ಮುಟ್ಟಲಿಲ್ಲ. ಹುಳ ಹಾರಿ ಮರಗಳ ಕಡೆ ಹೋದ ಮೇಲೆ ಫ್ರೌಕೆಯ ಕೈ ಕೆಳಗಿಳಿಸಲು ಅವನೇ ಸಹಾಯ ಮಾಡಬೇಕಾಯಿತು.

ಶನಿವಾರ ಪ್ರದರ್ಶನಕ್ಕೆ ಹೋಗುವುದೇ ಬೇಡವೆಂದು ಅವಳು ಕೂತಿದ್ದಳು. "ನಡಿಯೇ, ಅಲ್ಲಿ ಸಕ್ಕರೆ ಬ್ರೆಡ್ಡಾದ್ರೂ ಸಿಗುತ್ತೆ," ಎಂದು ಯೆಲ್ಟೆ ಬಲವಂತ ಮಾಡಿ ಹೊರಡಿಸಿದ. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಫೋಟೊ ತೂಗುಹಾಕುವ ಕೆಲಸ ಇನ್ನೂ ಮುಗಿದಿರಲಿಲ್ಲ. ವೀಬ್ರೆನ್ ಏಣಿಯ ಮೇಲಿದ್ದ. ಅವನ ಸ್ವಂತ ಫೋಟೊ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಒರಗಿತ್ತು.

"ನಿಮ್ದು ಯಾಕೆ ಹಾಕಿಲ್ಲ?" ಎಂದು ಕೇಳುತ್ತಿದ್ದಳು ಮಿಂಕೆ.

"ಈ ವರ್ಷ ಹಾಕಲ್ಲ. ಹುಳ ಕೂತಿದ್ದಾಗ ಚಾಪೆ ತುಳಿದೆ. ಬಿತ್ತು."

ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಿಂಕೆ ಬಾಗಿಲಲ್ಲಿ ನಿಂತ ಫ್ರೌಕೆಯನ್ನು ಕಂಡು ದನಿ ತಗ್ಗಿಸಿದಳು. "ಮತ್ತೆ ಅವ್ರದ್ದು? ನಿಮ್ಮೆದುರಿಗೆ ತೆಗೆದ ಫೋಟೊ ಎಲ್ಲಿ?"

"ತೆಗೀಲಿಲ್ಲ."

"ತೆಗೀಲಿಲ್ವಾ? ಹಾಗಿದ್ರೆ ಫ್ರಿಜ್ಜಲ್ಲ ಅಂತ ನಿಮ್ಗೆ ಹೇಗೆ ಗೊತ್ತು?"

"ತೆಗೀಲಿಲ್ಲ, ಅದಕ್ಕೇ ಗೊತ್ತು," ಎಂದು ವೀಬ್ರೆನ್ ಕೆಳಗೆ ಕೈ ಚಾಚಿದ. "ಅದನ್ನ ಇಲ್ಲಿ ಕೊಡು."

ಮಿಂಕೆ ಇಬ್ಬನಿಯ ಫೋಟೊವನ್ನು ಎತ್ತಿ ಕೊಟ್ಟಳು. ಅವನು ಅದನ್ನು ಮೊಳೆಗೆ ಸಿಕ್ಕಿಸಿ, ಏಣಿಯ ಮೇಲಿಂದಲೇ ಬಾಗಿಲ ಕಡೆ ತಿರುಗಿದ.

"ನೆಟ್ಟಗಿದ್ಯಾ ಫ್ರೌಕೆ?"

ಅವಳು ಎರಡು ಹೆಜ್ಜೆ ಒಳಗೆ ಬಂದು ನೋಡಿದಳು. ಆಮೇಲೆ, "ಎಡಗಡೆ ಚೂರು ಮೇಲೆ," ಎಂದಳು. ವೀಬ್ರೆನ್ ಎರಡೂ ಕೈಯಿಂದ ಚೌಕಟ್ಟು ಹಿಡಿದು ಮೆಲ್ಲಗೆ ಎತ್ತಿದ.